ದ್ರಾಕ್ಷಿ ಕಣ್ಣು ಒಡೆಯುತ್ತಿಲ್ವಾ? ರಾತ್ರಿ ಟಾರ್ಚ್ ಹಿಡಿದು ನೋಡಿ

ದ್ರಾಕ್ಷಿ ತೋಟದಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ ಮುಗಿಸಿ, ಕಣ್ಣು (ಚಿಗುರು ಮೊಗ್ಗು) ಒಡೆಯಲೆಂದು ಕಡ್ಡಿಗಳಿಗೆ ಪೇಸ್ಟ್ ಹಚ್ಚಿಸಿದ್ದೆ. ಹತ್ತು ದಿನ ಕಳೆದರೂ ಎಷ್ಟೋ ಗಿಡಗಳಲ್ಲಿ ಕಣ್ಣು ಒಡೆಯಲೇ ಇಲ್ಲ. ಪೇಸ್ಟ್ ಸರಿಯಾಗಿ ಹಚ್ಚಿಲ್ಲ ಎಂದು ಆಳುಗಳ ಮೇಲೆ ರೇಗಿದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ಕಣ್ಣುಗಳನ್ನು ಹತ್ತಿರದಿಂದ ನೋಡಿದಾಗ ಎದೆ ಧಸಕ್ ಎಂದಿತು. ಅವು ಉಬ್ಬಿದ್ದವು. ಆದರೆ ಒಳಗಿನ ತಿರುಳು ಖಾಲಿ, ಬರೀ ಸಿಪ್ಪೆ ಉಳಿದಿತ್ತು. ಆ ರಾತ್ರಿ ಟಾರ್ಚ್ ಹಿಡಿದು ಹೋದೆ. ಕಡ್ಡಿಗಳ ಮೇಲೆ ಕಂಚಿನ ಬಣ್ಣದ ಪುಟ್ಟ ದುಂಬಿಗಳು. ಉದ್ದ 4–5 ಮಿಲಿಮೀಟರ್ ಅಷ್ಟೇ, ಬೆನ್ನ ಮೇಲೆ ಆರು ಕಪ್ಪು ಚುಕ್ಕಿ. ಕೈ ಹಾಕಿದರೆ ಸತ್ತಂತೆ ಪಟಪಟ ಉದುರಿದವು. ದ್ರಾಕ್ಷಿಯ ಫ್ಲೀ ಬೀಟಲ್ ಎಂದರೆ ಇದೇ. ಇದರ ವೈಜ್ಞಾನಿಕ ಹೆಸರು ಸ್ಕೆಲೊಡಾಂಟಾ ಸ್ಟ್ರಿಗಿಕಾಲಿಸ್.

ಎಲೆಗಳಲ್ಲಿ ಸಣ್ಣ ತೂತುಗಳನ್ನು ನಾನು ಚಾಟ್ನಿಗೂ ಮೊದಲೇ ಕಂಡಿದ್ದೆ. ನಾಲ್ಕು ತೂತಿನಿಂದ ಏನಾಗುತ್ತೆ ಎಂದು ಸುಮ್ನಿದ್ದೆ. ಅಲ್ಲೇ ಎಡವಿದ್ದು. ಚಾಟ್ನಿ ಆದ ಮೇಲೆ ತೋಟದಲ್ಲಿ ಎಲೆಯೇ ಇರುವುದಿಲ್ಲ. ಆಗ ದುಂಬಿಗೆ ಸಿಗುವ ಮೆತ್ತನೆಯ ಊಟ ಎಂದರೆ ಉಬ್ಬುವ ಕಣ್ಣೊಂದೇ. ನಮ್ಮ ಗೊನೆ ಇರುವುದೂ ಅದರೊಳಗೇ ಅಲ್ವಾ? ಆಮೇಲೆ ಪಕ್ಕದಿಂದ ಚಿಗುರು ಬಂತು, ಆದರೆ ಜಾಸ್ತಿ ಚಿಗುರಿಗೆ ಗೊನೆಯೇ ಇರಲಿಲ್ಲ.

ಗಾಬರಿಯಲ್ಲಿ ಔಷಧಿ ಹೊಡೆದೆ. ತಿಂದು ಹೋದ ಕಣ್ಣು ವಾಪಸ್ ಬರಲಿಲ್ಲ. ದುಂಬಿಗಳೂ ಕೆಲವು ದಿನ ಬಿಟ್ಟು ಮತ್ತೆ ಕಾಣಿಸಿದವು. ಇವು ಸಡಿಲ ತೊಗಟೆಯ ಕೆಳಗೆ ಗುಂಪು ಗುಂಪಾಗಿ ಮೊಟ್ಟೆ ಇಡುತ್ತವೆ. ಮರಿಹುಳು ಮಣ್ಣಿಗಿಳಿದು ತಿಂಗಳಿಗೂ ಹೆಚ್ಚು ಕಾಲ ಬೇರು ತಿನ್ನುತ್ತದೆ, ಅಲ್ಲೇ ಕೋಶವಾಗಿ ದುಂಬಿಯಾಗುತ್ತದೆ. ಮೇಲೆ ಹೊಡೆದ ಔಷಧಿ ಅದಕ್ಕೆ ತಾಗುವುದು ಹೇಗೆ?

ಚಾಟ್ನಿ ಮಾಡುವಾಗಲೇ ಕಾಂಡದ ಸಡಿಲ ತೊಗಟೆ ಸುಲಿದು, ತೋಟದಿಂದ ಹೊರಗೆ ಒಯ್ದು ಸುಟ್ಟುಬಿಡಿ. ಕಣ್ಣು ಉಬ್ಬಲು ಶುರುವಾದ ದಿನದಿಂದ ಚಿಗುರಿಗೆ ನಾಲ್ಕೈದು ಎಲೆ ಬರುವ ತನಕ ದಿನಾ ಕತ್ತಲಾದ ಮೇಲೆ ಒಂದು ಸುತ್ತು ಹಾಕಿ. ಗಿಡದ ಕೆಳಗೆ ಸೋಪಿನ ನೀರಿನ ಅಗಲ ತಟ್ಟೆ ಹಿಡಿದು ಕಡ್ಡಿ ಅಲುಗಿಸಿ. ದುಂಬಿಗಳು ಅದರೊಳಗೇ ಬೀಳುತ್ತವೆ. ಔಷಧಿ ಬೇಕೆನಿಸಿದರೆ ಯಾವುದು, ಎಷ್ಟು ಎಂದು ಕೃಷಿ ತಜ್ಞರನ್ನು ಕೇಳಿ, ಆದರೆ ಕೇಳುವುದನ್ನು ನಾಳೆಗೆ ಹಾಕಬೇಡಿ. ನಾನು ಪೇಸ್ಟ್ ಮೇಲೆ ಅನುಮಾನಪಟ್ಟು ಕೂತಿದ್ದ ದಿನಗಳಲ್ಲೇ ಆ ವರ್ಷದ ಬೆಳೆ ಹೋಗಿತ್ತು.