ಬಿಲ್ 420 ರೂಪಾಯಿ, ಆದರೂ ಮೋಸವಿಲ್ಲ

ತಂಗಿ ಮದುವೆಗೆ ಇನ್ನು ಹದಿನೈದು ದಿನ. ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗೋಣವೆಂದು ಬೀರುವಿನ ಮೇಲಿದ್ದ ಡಬ್ಬದಿಂದ ನನ್ನ ಮದುವೆ ಚಪ್ಪಲಿ ಇಳಿಸಿದೆ. ಆರು ವರ್ಷದಲ್ಲಿ ನಾಲ್ಕು ಸಲ ಹಾಕಿದ್ದೆನೋ ಏನೋ, ಹೊಳಪು ಹಾಗೇ ಇತ್ತು. ತುಮಕೂರಿನ ಕ್ಯಾತ್ಸಂದ್ರದಲ್ಲಿ ಆಟೊ ಇಳಿದು ಹತ್ತು ಹೆಜ್ಜೆ ಇಟ್ಟಿರಬೇಕು, ಅಟ್ಟೆ ಹಳೇ ಮೈಸೂರುಪಾಕಿನ ಹಾಗೆ ಉದುರೋಕೆ ಶುರುವಾಯ್ತು. ತಿರುಗಿ ನೋಡಿದರೆ ನಾನು ನಡೆದ ದಾರಿಯುದ್ದಕ್ಕೂ ಕಪ್ಪು ರವೆ. ಮೇಲಿನ ಪಟ್ಟಿ, ಮಣಿ, ಬಕಲ್ ಎಲ್ಲ ನೆಟ್ಟಗಿವೆ, ಕೆಳಗೆ ಏನೂ ಇಲ್ಲ. ಹೋಮದ ಮನೆಗೆ ಹೇಗಿದ್ದರೂ ಬರಿಗಾಲಲ್ಲೇ ಹೋಗಬೇಕಲ್ಲ ಅಂತ ಯಜಮಾನರು ನಕ್ಕರು. ನಾನು ನಗಲಿಲ್ಲ.

ಮಾರನೇ ದಿನ ಅದನ್ನು ಹಿಡಿದುಕೊಂಡು ಹೋಗಿದ್ದು ಎಂ.ಜಿ. ರಸ್ತೆಯ ಅಡ್ಡದಾರಿಯೊಂದರಲ್ಲಿ, ಮೆಟ್ಟಿಲ ಕೆಳಗಿರುವ ಚಪ್ಪಲಿ ರಿಪೇರಿ ಅಂಗಡಿಗೆ. ಬೋರ್ಡಿಲ್ಲ. ಇಬ್ಬರು ಕೂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿನ ಯಜಮಾನರು ಅಟ್ಟೆಯ ಚೂರನ್ನು ಎರಡು ಬೆರಳಲ್ಲಿ ಹಿಸುಕಿ, ಪುಡಿಯನ್ನು ಊದಿ, 'ಪಿಯು ಮೇಡಂ' ಅಂದರು. ಪಾಲಿಯುರೆಥೇನ್. ಹಗುರ, ಮೆತ್ತಗೆ, ಅದಕ್ಕೇ ಎಲ್ಲರೂ ಇಷ್ಟಪಡೋದು. ಆದರೆ ಗಾಳಿಯಲ್ಲಿರೋ ತೇವ ಕುಡಿದೂ ಕುಡಿದೂ ಕೆಲವು ವರ್ಷಕ್ಕೆ ತಾನೇ ಪುಡಿಯಾಗುತ್ತೆ. ಜೋಪಾನವಾಗಿ ಡಬ್ಬದಲ್ಲಿಟ್ಟರೂ ಬಿಡಲ್ಲವಂತೆ. ರಬ್ಬರ್ ಅಟ್ಟೆ ಅಂಟಿಸಿ ಸುತ್ತ ಹೊಲಿಗೆ ಹಾಕಿಕೊಡೋಕೆ 250 ರೂಪಾಯಿ ಅಂದರು. ಒಪ್ಪಿದೆ.

ಕೈಲಿದ್ದ ಇನ್ನೊಂದು ಕವರಿನಲ್ಲಿ ತಂಗಿಯ ಆರತಕ್ಷತೆಯ ಚಪ್ಪಲಿ ಇತ್ತು. ಆನ್‌ಲೈನಲ್ಲಿ ತರಿಸಿದ್ದು, ಬಂಗಾರದ ಬಣ್ಣ, ಮೂರು ಇಂಚು ಹಿಮ್ಮಡಿ. ಮನೆಯ ಹಾಲಿನಲ್ಲಿ ಹತ್ತು ನಿಮಿಷ ಓಡಾಡಿದ್ದಕ್ಕೇ ಹಿಂಬದಿ ಬೊಬ್ಬೆ ಎದ್ದಿತ್ತು. ಹಿಮ್ಮಡಿಯನ್ನು ಅರ್ಧಕ್ಕರ್ಧ ಕೊಯ್ದುಬಿಡಿ ಅಂದೆ. ಅವರು ತಲೆಯಾಡಿಸಿದರು. 'ಅರ್ಧ ಇಂಚಿಗಿಂತ ಜಾಸ್ತಿ ಕೊಯ್ದರೆ ಮೂತಿ ಮೇಲೆದ್ದುಬಿಡುತ್ತೆ, ನಡೆಯೋಕೇ ಆಗಲ್ಲ' ಅಂತ ಚಪ್ಪಲಿಯನ್ನು ಮರದ ಹಲಗೆ ಮೇಲಿಟ್ಟು, ಹಿಂಭಾಗ ಒತ್ತಿ ತೋರಿಸಿದರು. ಮುಂದಿನ ತುದಿ ದೋಣಿಯ ಹಾಗೆ ಎದ್ದಿತು. ಅರ್ಥವಾಯಿತು, ಅರ್ಧ ಇಂಚಷ್ಟೇ ಕೊಯ್ಯಲು ಒಪ್ಪಿದೆ.

ಆಮೇಲೆ ಅವರು ಕೇಳಿದ್ದೇ ನನಗೆ ಆಶ್ಚರ್ಯ. 'ಕಾಲುಂಗುರ ಹಾಕಿದ ಮೇಲೂ ಇದನ್ನೇ ಹಾಕ್ತಾರಾ?' ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಬೆಳಗ್ಗೆ ಧಾರೆ. ಆರತಕ್ಷತೆಗೆ ಸರಿಯಾಗಿದ್ದ ಮುಂದಿನ ಪಟ್ಟಿ ಮಾರನೇ ದಿನ ಬೀಳ್ಕೊಡುಗೆ ಹೊತ್ತಿಗೆ ಕಾಲುಂಗುರಕ್ಕೆ ತಗುಲಿ ಬೆರಳು ಕೊರೆಯುತ್ತೆ. ನನಗೂ ಹಾಗೇ ಆಗಿತ್ತು. ಯಾಕೆ ಅಂತ ತಿಳಿದದ್ದು ಈಗ. ಪಟ್ಟಿಯ ಒಳಬದಿಯಲ್ಲಿದ್ದ ಒಂದು ಸಾಲು ಮಣಿ ಕಿತ್ತರು, ಬಕಲ್ ಹತ್ತಿರ ಬೆರಳಗಲ ಎಲಾಸ್ಟಿಕ್ ಕೂಡಿಸಿದರು, ಹಿಂಬದಿ ಪಟ್ಟಿಗೆ ಮೆತ್ತನೆ ಚರ್ಮ, ಮುಂಗಾಲ ಕೆಳಗೆ ತೆಳು ಸ್ಪಂಜು. ಅಳತೆ ನೋಡೋಕೆ ತಂಗಿಯನ್ನು ಸಂಜೆಯೇ ಕರ್ಕೊಂಡು ಬನ್ನಿ ಅಂದರು, ದಿನವಿಡೀ ನಿಂತು ಓಡಾಡಿದ ಕಾಲು ಸಂಜೆಗೆ ಕೊಂಚ ಊದಿರುತ್ತೆ. ಇಷ್ಟಕ್ಕೆ 170. ಒಟ್ಟು 420, ಆ ಸಂಖ್ಯೆ ಕೇಳಿ ಇಬ್ಬರೂ ನಕ್ಕೆವು.

ದೂರು ಇಲ್ಲದಿಲ್ಲ. ಗುರುವಾರ ಅಂದಿದ್ದು ಶನಿವಾರ ಕೈಗೆ ಬಂತು, ಎರಡು ಸಲ ಸುಮ್ಮನೆ ತಿರುಗಿದೆ. ಸೊಲ್ಯೂಷನ್ ವಾಸನೆ ಮೂರು ದಿನ ಹೋಗಲಿಲ್ಲ, ಬಾಲ್ಕನಿಯಲ್ಲಿಟ್ಟೆ. ಬಂಗಾರದ ಪಟ್ಟಿಗೆ ಕಂದು ದಾರದಲ್ಲಿ ಹೊಲಿದಿದ್ದಾರೆ, ಹತ್ತಿರದಿಂದ ನೋಡಿದರೆ ಕಾಣುತ್ತೆ. ಇನ್ನೊಂದು ತಪ್ಪು ನಮ್ಮದೇ. ಲೆಹೆಂಗಾದ ಅಂಚನ್ನು ಟೈಲರ್ ಮೂರು ಇಂಚಿನ ಲೆಕ್ಕದಲ್ಲಿ ಮಡಚಿದ್ದ. ಹಿಮ್ಮಡಿ ಇಳಿದ ಮೇಲೆ ಅದು ನೆಲ ಗುಡಿಸತೊಡಗಿ, ಛತ್ರದ ಕೋಣೆಯಲ್ಲಿ ಕೂತು ಪಿನ್ನು ಚುಚ್ಚಿದ್ದಾಯಿತು. ಮೊದಲು ಚಪ್ಪಲಿ, ಆಮೇಲೆ ಟೈಲರ್.

ಏಳರಿಂದ ಹನ್ನೊಂದರ ತನಕ ತಂಗಿ ವೇದಿಕೆ ಮೇಲೆ ನಿಂತಳು. ಮುಯ್ಯಿ ಕವರಿನ ಸಾಲು ಮುಗಿಯುತ್ತಲೇ ಇರಲಿಲ್ಲ. ನನ್ನ ಮದುವೆಯಲ್ಲಿ ಒಂಬತ್ತಕ್ಕೇ ಚಪ್ಪಲಿ ಬಿಚ್ಚಿ ಸಿಂಹಾಸನದ ಕುರ್ಚಿ ಹಿಂದೆ ತಳ್ಳಿ, ಉಳಿದ ಫೋಟೊಗಳಲ್ಲೆಲ್ಲ ಗಂಡನ ಭುಜಕ್ಕೆ ಇಳಿದಿದ್ದೆ. ಅವಳು ಒಂದು ಸಲವೂ ಬಿಚ್ಚಲಿಲ್ಲ. ನನ್ನ ರಬ್ಬರ್ ಅಟ್ಟೆಯೂ ಅಡುಗೆಮನೆ, ಉಗ್ರಾಣ, ಊಟದ ಹಾಲು ಅಂತ ಎರಡು ದಿನ ತಿರುಗಿತು, ಒದ್ದೆ ಗ್ರಾನೈಟ್ ಮೇಲೂ ಜಾರಲಿಲ್ಲ. ಧಾರೆ ಹೊತ್ತಲ್ಲಿ ಎರಡು ಜೊತೆಯನ್ನೂ ಕವರಿಗೆ ಹಾಕಿ ವಧುವಿನ ಕೋಣೆಯಲ್ಲಿಟ್ಟೆ. ಹೊರಗೆ ಬಿಟ್ಟ ನಮ್ಮ ಸೋದರಮಾವನ ಹೊಸ ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ.

ಮದುವೆ ಮುಗಿದ ವಾರಕ್ಕೆ ಅಮ್ಮನ ಹಳೇ ಚಪ್ಪಲಿ ಒಯ್ದೆ, ಉಂಗುಷ್ಠ ಕಿತ್ತಿತ್ತು. ಅಟ್ಟೆಯನ್ನು ಮತ್ತದೇ ಎರಡು ಬೆರಳಲ್ಲಿ ಹಿಸುಕಿ ನೋಡಿ ವಾಪಸ್ ಕೊಟ್ಟರು. 'ಇದಕ್ಕೆ ದುಡ್ಡು ಹಾಕಬೇಡಿ ಮೇಡಂ, ಅಮ್ಮನಿಗೆ ಹೊಸದು ಕೊಡಿಸಿ.'