ಕೊಟ್ಟಿಗೆಯಿಂದ ಎದ್ದ ಯೆಜ್ಡಿ: ಆರು ವರ್ಷ, 23,000 ಕಿಲೋಮೀಟರ್ ಓಡಿಸಿದ ಮೇಲೆ

ನಮ್ಮ ಚಿಕ್ಕಪ್ಪನ 1987ರ ಯೆಜ್ಡಿ ಕ್ಲಾಸಿಕ್ ಬೈಕು ಹದಿನೈದು ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಸೀಟನ್ನು ಇಲಿ ತಿಂದಿತ್ತು. ಟ್ಯಾಂಕಿನ ಒಳಗೆಲ್ಲ ತುಕ್ಕು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. 2018ರ ಯುಗಾದಿ ಮುಗಿದ ಮೇಲೆ ಅದನ್ನು ಟೆಂಪೋಗೆ ಹಾಕಿಸಿ ನಂಜನಗೂಡಿನ ನಮ್ಮ ಮನೆಗೆ ತಂದೆ. ಒಂದೂವರೆ ವರ್ಷ ಹಿಡಿಯಿತು. 2019ರ ದಸರಾ ಹೊತ್ತಿಗೆ ರಸ್ತೆಗೆ ಇಳಿಯಿತು. ಅವತ್ತಿಂದ ಇವತ್ತಿನವರೆಗೆ 23,000 ಕಿಲೋಮೀಟರ್ ಓಡಿದೆ. ಹಾಕಿದ ಪೆಟ್ರೋಲು, ಬದಲಿಸಿದ ಸಾಮಾನು, ಕೈಕೊಟ್ಟ ದಿನ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಈ ವಿಮರ್ಶೆ ಅದನ್ನು ಮುಂದಿಟ್ಟುಕೊಂಡು ಬರೆದದ್ದು.

ಹೊಸದರ ಹಾಗೆ ಫಳಫಳ ಹೊಳೆಯೋ ಗಾಡಿ ನನಗೆ ಬೇಕಿರಲಿಲ್ಲ. ಬೆಳಗ್ಗೆ ಕಿಕ್ ಹೊಡೆದರೆ ಎದ್ದು ನಿಲ್ಲಬೇಕು. ಬಿಚ್ಚಿದರೆ ನನಗೇ ಅರ್ಥ ಆಗಬೇಕು. ಅಲಂಕಾರದ ಸಾಮಾನು ಒಂದೂ ಇರಬಾರದು. ಕ್ರೋಮ್ ಕ್ರಾಶ್‌ಗಾರ್ಡ್, ಹಿಂದಿನ ಕ್ಯಾರಿಯರ್, ಹ್ಯಾಂಡಲಿನ ತುದಿಯ ಜಾಲರ, ಮೇಲೆ ಹಾಕಿಸಿದ್ದ ಎರಡು ಫಾಗ್ ಲೈಟು ಎಲ್ಲ ತೆಗೆದುಹಾಕಿದೆ. ಉಳಿದದ್ದು ಕಪ್ಪು ಫ್ರೇಮು, ಕಪ್ಪು ಟ್ಯಾಂಕು, ಇಂಜಿನ್ನು, ಎರಡು ಚಕ್ರ. ಬೇಕಾದ ಬಿಡಿಭಾಗ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರಸ್ತೆಯಲ್ಲಿ, ಮೈಸೂರಿನ ಹಳೇ ಮೆಕ್ಯಾನಿಕ್‌ಗಳ ಡಬ್ಬಗಳಲ್ಲಿ ಸಿಕ್ಕಿತು.

ಯೆಜ್ಡಿಯೇ ಯಾಕೆ ಅಂದರೆ, ಇದು ನಮ್ಮೂರ ಪಕ್ಕದಲ್ಲೇ ಹುಟ್ಟಿದ ಗಾಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕುಗಳನ್ನು ತಯಾರಿಸಲು ಶುರು ಮಾಡಿತು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಹೋದರೂ ಕೈ ಹೋಗಲಿಲ್ಲ. ಈ ಇಂಜಿನ್ನನ್ನು ಕಣ್ಣು ಮುಚ್ಚಿಕೊಂಡು ಬಿಚ್ಚುವವರು ಮೈಸೂರಿನಲ್ಲಿ ಇವತ್ತಿಗೂ ಇದ್ದಾರೆ. ಅಂಥ ಒಬ್ಬ ಭಾಯ್ ನನಗೆ ಸಿಕ್ಕಿದ್ದು ನನ್ನ ಪುಣ್ಯ. ಮೊದಲ ಸಲ ಹೋದಾಗ ನಾನು ಟ್ಯಾಂಕಿನ ಬಣ್ಣದ ಬಗ್ಗೆ ಕೇಳಿದೆ. ಅವರು ಇಂಜಿನ್ನಿನ ಮೇಲೆ ಕೈ ಇಟ್ಟು, "ಬಣ್ಣ ಯಾವಾಗ ಬೇಕಾದ್ರೂ ಹೊಡೀಬೋದು ಮಗಾ. ಮೊದ್ಲು ಇದರ ಹೊಟ್ಟೆ ಸರಿ ಮಾಡು" ಅಂದರು. ಆ ಮಾತು ಕೇಳಿದ ಕಡೆಯಲ್ಲೆಲ್ಲ ನೆಮ್ಮದಿಯಾಗಿದ್ದೇನೆ, ಮೀರಿದ ಕಡೆಯಲ್ಲೆಲ್ಲ ದುಡ್ಡು ಕಳೆದುಕೊಂಡಿದ್ದೇನೆ.

ಹೊಟ್ಟೆಗಿಂತಲೂ ಮೊದಲು ಕಾಗದ ಪತ್ರ. ಗುಜರಿಯಲ್ಲಿ ಫ್ರೇಮು ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಆರ್‌ಸಿ ಇಲ್ಲದ ಫ್ರೇಮು ಬರೀ ಕಬ್ಬಿಣ. ನನ್ನ ಹತ್ತಿರ ಚಿಕ್ಕಪ್ಪನ ಹೆಸರಿನ ಆರ್‌ಸಿ ಇತ್ತು. ಇಂಜಿನ್ ನಂಬರು, ಚಾಸಿ ನಂಬರು ಎರಡೂ ತಾಳೆಯಾದವು. ಅದಕ್ಕೇ ಆ ಫ್ರೇಮಿಗೆ ಕಟಿಂಗ್ ಮೆಷಿನ್ ಮುಟ್ಟಿಸಲಿಲ್ಲ. ಬೇರೆ ಇಂಜಿನ್ನನ್ನೂ ಕೂರಿಸಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರಕ್ಕೂ ಗಾಡಿಗೂ ಹೊಂದಿಕೆ ಇರಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹಳೇ ಆರ್‌ಸಿಯಲ್ಲಿ ಬಣ್ಣ ಕಪ್ಪು ಅಂತಲೇ ಇತ್ತು, ನಾನೂ ಕಪ್ಪೇ ಹೊಡೆದೆ. ಫಾರಂ 29, 30 ಕೊಟ್ಟು ನನ್ನ ಹೆಸರಿಗೆ ಮಾಡಿಸಿಕೊಂಡೆ. ಫಾರಂ 25 ಕೊಟ್ಟು ಐದು ವರ್ಷಕ್ಕೆ ನವೀಕರಿಸಿದೆ. 2024ರಲ್ಲಿ ಮತ್ತೆ ನವೀಕರಣಕ್ಕೆ ಹೋದಾಗ ಶುಲ್ಕ ಏರಿತ್ತು. 15 ವರ್ಷ ದಾಟಿದ ಬೈಕಿಗೆ 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 1,000 ಆಗಿತ್ತು. ಅದರ ಮೇಲೆ ಹಳೇ ಗಾಡಿಗಳಿಗೆ ಹಾಕುವ ಗ್ರೀನ್ ಟ್ಯಾಕ್ಸ್ ಬೇರೆ. ಹಳೇ ಗಾಡಿ ಕಟ್ಟುವವರು ಈ ಖರ್ಚನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇನ್ನು ಇಂಜಿನ್. 250 ಸಿಸಿ, ಟು ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಕ್ರ್ಯಾಂಕನ್ನು ಲೇತ್ ಅಂಗಡಿಯಲ್ಲಿ ಬಿಚ್ಚಿಸಿ ಹೊಸ ಪಿನ್ನು, ಹೊಸ ಕನೆಕ್ಟಿಂಗ್ ರಾಡ್ ಹಾಕಿಸಿದೆ. ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಈ ಎರಡು ಕೆಲಸ ಮನೆಯಲ್ಲಿ ಆಗುವಂಥದ್ದಲ್ಲ. ಉಳಿದ ಜೋಡಣೆಯೆಲ್ಲ ನಮ್ಮ ಪಡಸಾಲೆಯಲ್ಲೇ ಆಯಿತು.

ಬೇರಿಂಗ್ ಕೂರಿಸಿದ ದಿನ ಚೆನ್ನಾಗಿ ನೆನಪಿದೆ. ಇಂಜಿನ್ನಿನ ಅಲ್ಯೂಮಿನಿಯಂ ಕೇಸಿಗೆ ಸ್ಟೀಲ್ ಬೇರಿಂಗನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಜಾಗ ಸವೆದು ಸಡಿಲವಾಗುತ್ತದೆ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಅದನ್ನೇ ಬಳಸಿಕೊಳ್ಳಬೇಕು ಅಂತ ಭಾಯ್ ಹೇಳಿಕೊಟ್ಟಿದ್ದರು. ಹಿಂದಿನ ರಾತ್ರಿಯೇ ಬೇರಿಂಗುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಟ್ಟೆ. ಬೆಳಗ್ಗೆ ಕೇಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ನೀರಿನಲ್ಲಿ ಇನ್ನೊಂದು ಸಲ ತೊಳೆದು, ವಾಸನೆ ಪೂರ್ತಿ ಹೋಗುವ ತನಕ ಬಿಸಿಲಲ್ಲಿ ಒಣಗಿಸಿದೆ. ಆಮೇಲೆ ಹಳೇ ದೋಸೆ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಇಟ್ಟೆ. ಅಮ್ಮ ಪಕ್ಕದಲ್ಲಿ ನಿಂತು ಕೈಯಿಂದ ನೀರು ಚಿಮುಕಿಸಿ ನೋಡುತ್ತಿದ್ದರು. ಹನಿ ಚುಯ್ ಅಂದ ತಕ್ಷಣ, "ಕಾದಿದೆ ಕಣೋ, ಹಾಕು" ಅಂದರು. ಬೇರಿಂಗನ್ನು ನೇರವಾಗಿ ಹಿಡಿದು ಬಿಟ್ಟೆ. 'ಟಕ್' ಅಂತ ಒಂದೇ ಸದ್ದು. ತನ್ನ ಪಾಡಿಗೆ ತಾನು ಕೂತುಬಿಟ್ಟಿತು. ಸುತ್ತಿಗೆ ಮುಟ್ಟಲೇ ಇಲ್ಲ. ಆ ಬೇರಿಂಗುಗಳು ಇವತ್ತಿಗೂ ಹಾಗೇ ಇವೆ.

ಆದರೆ ಅದೇ ದಿನ ಒಂದು ತಪ್ಪೂ ಮಾಡಿದೆ. ಕ್ರ್ಯಾಂಕಿನ ಆಯಿಲ್ ಸೀಲುಗಳಲ್ಲಿ, ಅಂದರೆ ಆಯಿಲ್, ಗಾಳಿ ಒಳಗೆ ನುಗ್ಗದ ಹಾಗೆ ತಡೆಯುವ ಬಳೆಗಳಲ್ಲಿ, ದುಡ್ಡು ಉಳಿಸೋಕೆ ಹೋದೆ. ಅಂಗಡಿಯಲ್ಲಿ ಎರಡು ಥರ ಇತ್ತು, ಬೆಲೆಯಲ್ಲಿ ನೂರೈವತ್ತು ರೂಪಾಯಿ ವ್ಯತ್ಯಾಸ. ಕಡಿಮೆಯದನ್ನು ತಂದೆ. 8,000 ಕಿಲೋಮೀಟರ್ ಆಗುವ ಹೊತ್ತಿಗೆ ಹೊಗೆ ಶುರುವಾಯಿತು. ಟು ಸ್ಟ್ರೋಕ್ ಅಂದಮೇಲೆ ಸ್ವಲ್ಪ ಹೊಗೆ ಇದ್ದದ್ದೇ ಅಂತ ಬಿಟ್ಟೆ. ಆಮೇಲೆ ಗೇರ್ ಆಯಿಲ್ ನೋಡಿದರೆ ಅರ್ಧಕ್ಕೆ ಇಳಿದಿತ್ತು. ಕೆಳಗೆ ಒಂದು ಹನಿ ಸೋರಿರಲಿಲ್ಲ.

ಟು ಸ್ಟ್ರೋಕ್ ಇಂಜಿನ್ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇದರಲ್ಲಿ ಆಯಿಲ್ ಬೆರೆಸಿದ ಪೆಟ್ರೋಲು, ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬರುತ್ತವೆ. ಪಿಸ್ಟನ್ ಮೇಲೆ ಹೋದಾಗೆಲ್ಲ ಆ ಕೋಣೆ ಗಾಳಿ ಹೀರುತ್ತದೆ. ಎರಡೂ ಕಡೆಯ ಸೀಲು ಬಿಗಿಯಾಗಿದ್ದರೆ ಕಾರ್ಬೊರೇಟರಿನಿಂದ ಮಾತ್ರ ಹೀರುತ್ತದೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಬಲಗಡೆ, ಡೈನಮೋ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ನುಗ್ಗುತ್ತದೆ. ಆಗ ಪೆಟ್ರೋಲು ಸಾಲದೆ, ಅದರ ಜೊತೆ ಬರುವ ಆಯಿಲೂ ಸಾಲದೆ, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಡಗಡೆಯದು ಹೋದರೆ ಹೊಗೆಯಾದರೂ ಸುಳಿವು ಕೊಡುತ್ತದೆ. ಬಲಗಡೆಯದು ಅಷ್ಟು ಸುಲಭವಾಗಿ ಗೊತ್ತಾಗಲ್ಲ, ಅದಕ್ಕೇ ಅದು ಜಾಸ್ತಿ ಅಪಾಯ.

ನನ್ನದು ಎಡಗಡೆಯದು. ನೂರೈವತ್ತು ರೂಪಾಯಿ ಉಳಿಸಿದ್ದಕ್ಕೆ ಕ್ಲಚ್ ಪೂರ್ತಿ ಬಿಚ್ಚಿ, ಹೊಸ ಗ್ಯಾಸ್ಕೆಟ್, ಹೊಸ ಆಯಿಲ್ ಹಾಕಿ, ಎರಡು ಭಾನುವಾರ ಹೋಯಿತು. ಈ ಸಲ ಎರಡೂ ಕಡೆ ಒಳ್ಳೇ ಸೀಲು ಹಾಕಿದೆ. ಆಮೇಲೆ 15,000 ಕಿಲೋಮೀಟರ್ ಆಗಿದೆ, ಗೇರ್ ಆಯಿಲ್ ಮಟ್ಟ ಕದಲಿಲ್ಲ.

ಪೆಟ್ರೋಲಿಗೆ ಮೊದಲ 500 ಕಿಲೋಮೀಟರ್ ಲೀಟರಿಗೆ 40 ಎಂಎಲ್ ಟುಟಿ ಆಯಿಲ್ (ಟು ಸ್ಟ್ರೋಕ್ ಇಂಜಿನ್ನಿನ ಆಯಿಲ್) ಹಾಕಿದೆ, ಈಗ 30 ಎಂಎಲ್. ಔಷಧಿಯ ಅಳತೆ ಲೋಟ ಯಾವಾಗಲೂ ಬ್ಯಾಗಿನಲ್ಲಿ ಇರುತ್ತದೆ. ಮೈಲೇಜ್ 28ರಿಂದ 32. ಈಗ ಬಂಕುಗಳಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲು. ಅದು ತೇವ ಹೀರಿಕೊಳ್ಳುತ್ತದೆ. ಅದಕ್ಕೆ ಗಾಡಿ ಎರಡು ವಾರಕ್ಕಿಂತ ಜಾಸ್ತಿ ನಿಲ್ಲುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿಡುತ್ತೇನೆ. ಪೆಟ್ರೋಲ್ ಪೈಪನ್ನು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಟ್ಯಾಂಕಿನ ತುಕ್ಕಿಗೆ ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿ, ಮೂರು ದಿನ ವಿನೆಗರ್ ತುಂಬಿಟ್ಟು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಒಣಗಿಸಿದ್ದೆ. ಆರು ವರ್ಷದಲ್ಲಿ ಎರಡೇ ಸಲ ಫಿಲ್ಟರ್ ಕಟ್ಟಿಕೊಂಡಿದೆ.

ಕರೆಂಟಿನ ವಿಷಯದಲ್ಲಿ ಮೊದಲೆರಡು ವರ್ಷ ಕಷ್ಟಪಟ್ಟೆ. 6 ವೋಲ್ಟ್ ಡೈನಮೋ, ಸ್ಪಾರ್ಕಿಗಾಗಿ ಕರೆಂಟ್ ಕಡಿದು ಸೇರಿಸುವ ಪ್ಲಾಟಿನಂ ಪಾಯಿಂಟ್ ಹಾಗೇ ಇಟ್ಟುಕೊಂಡಿದ್ದೆ. ಪಾಯಿಂಟಿನ ಗ್ಯಾಪ್ 0.4 ಮಿಲಿಮೀಟರ್ ಇದ್ದರೆ ಗಾಡಿ ಬಲು ಸೊಗಸು, ಸವೆದರೆ ಹಟ ಮಾಡುತ್ತದೆ. ಹೆಡ್‌ಲೈಟ್ ಬೆಳಕಂತೂ ಚಿಮಣಿ ದೀಪದ ಹಾಗೆ. ಒಂದು ರಾತ್ರಿ ಗುಂಡ್ಲುಪೇಟೆಯಿಂದ ಬರುವಾಗ ಲೈಟು ಪೂರ್ತಿ ಹೋಯಿತು. ಒಂದು ಲಾರಿಯ ಹಿಂದೆ ಹಿಂದೆ ಮೆಲ್ಲಗೆ ಬಂದೆ. ಮಾರನೇ ದಿನ ನೋಡಿದರೆ ಅರ್ತ್ ವೈರಿನ ಬೋಲ್ಟನ್ನು ನಾನು ಬಣ್ಣದ ಮೇಲೆಯೇ ಬಿಗಿದಿದ್ದೆ. ಬಣ್ಣದ ಮೂಲಕ ಕರೆಂಟ್ ಹರಿಯೋದು ಹೇಗೆ? ಅವತ್ತೇ ಎಲ್ಲ ಅರ್ತ್ ಜಾಗಗಳಲ್ಲೂ ಬಣ್ಣ ಕೆರೆದು, ಲೋಹ ಹೊಳೆಯುವ ಹಾಗೆ ಮಾಡಿ, ಗ್ರೀಸ್ ಸವರಿ ಬಿಗಿದೆ. 2021ರ ಕೊನೆಯಲ್ಲಿ 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿದೆ. 9,500 ರೂಪಾಯಿ ಆಯಿತು. ಹಳೆಯದರ ಮೇಲಿನ ಪ್ರೀತಿ ನನಗೂ ಇದೆ, ಡೈನಮೋವನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಆದರೆ ರಾತ್ರಿ ರಸ್ತೆ ಕಾಣಬೇಕು ಅಲ್ವಾ? ಈಗ ಎರಡನೇ ಕಿಕ್ಕಿಗೆ ಸ್ಟಾರ್ಟ್. ದುಡ್ಡಿದ್ದರೆ ಮೊದಲ ದಿನವೇ ಇದನ್ನು ಮಾಡಿಸಿ ಅನ್ನುತ್ತೇನೆ.

ಸರಳವಾಗಿರಲಿ ಅಂತ ತೆಗೆದ ಎರಡು ಸಾಮಾನನ್ನು ವಾಪಸ್ ಹಾಕಬೇಕಾಯಿತು. ಒಂದು, ಹಿಂದಿನ ಮಡ್‌ಗಾರ್ಡ್. ಗುಜರಿಯಲ್ಲಿ ಸಿಕ್ಕ ಗಿಡ್ಡ ಮಡ್‌ಗಾರ್ಡ್ ಹಾಕಿದ್ದೆ, ನೋಡೋಕೆ ತುಂಬ ಚೆನ್ನಾಗಿತ್ತು. ಮೊದಲ ಮಳೆಗೇ ಬೆನ್ನು ತುಂಬ ಕೆಸರು, ಹಿಂದೆ ಬರುವವರ ಮುಖಕ್ಕೂ ಕೆಸರು. ಇನ್ನೊಂದು, ಇಬ್ಬರು ಕೂರುವ ಉದ್ದ ಸೀಟು. ಅದರ ಬದಲು ಒಬ್ಬರೇ ಕೂರುವ ಸೀಟು ಹಾಕಿದ್ದೆ. ಮನೆಯವಳನ್ನು ಕೂರಿಸಿಕೊಂಡು ದೇವಸ್ಥಾನಕ್ಕೂ ಹೋಗಲಾಗದ ಬೈಕು ಎಷ್ಟು ಚಂದ ಇದ್ದರೇನು? ಆರ್‌ಸಿಯಲ್ಲೂ ಇಬ್ಬರು ಅಂತಲೇ ಇದೆ. ಉದ್ದ ಸೀಟು, ಸೀರೆ ಗಾರ್ಡ್ ಎರಡೂ ಮತ್ತೆ ಬಂದವು. ಸೈಲೆನ್ಸರಿನ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ತೆಗೆದರೆ ಸದ್ದು ಜೋರಾಗುತ್ತದೆ ಅಂತ ಹುಡುಗರು ಹೇಳುತ್ತಾರೆ. ದಯವಿಟ್ಟು ತೆಗೆಯಬೇಡಿ. ಟು ಸ್ಟ್ರೋಕಿನಲ್ಲಿ ಸೈಲೆನ್ಸರ್ ಕೂಡ ಇಂಜಿನ್ನಿನ ಒಂದು ಭಾಗ. ಅದು ಖಾಲಿಯಾದರೆ ಕೆಳಗಿನ ಸ್ಪೀಡಿನ ಎಳೆತ ಹೋಗುತ್ತದೆ, ಅಕ್ಕಪಕ್ಕದ ಮನೆಯವರ ನಿದ್ದೆಯೂ ಹೋಗುತ್ತದೆ.

ಓಡಿಸುವಾಗ ಹೇಗಿದೆ? 55ರಿಂದ 60ರಲ್ಲಿ ಬಿಟ್ಟರೆ ಇಡೀ ದಿನ ಹೋಗುತ್ತದೆ. ಚಾಮುಂಡಿ ಬೆಟ್ಟವನ್ನು ಇಬ್ಬರು ಕೂತು ಆರಾಮಾಗಿ ಹತ್ತಿದ್ದೇವೆ. ಮಡಿಕೇರಿಗೆ ಎರಡು ಸಲ ಹೋಗಿ ಬಂದಿದ್ದೇನೆ. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತದೆ, ಪೆಟ್ರೋಲ್ ಬಂಕಿನಲ್ಲಿ ಹೊಸ ಹುಡುಗರು ಅದನ್ನು ನೋಡಿ ಇನ್ನೊಂದು ಸಲ ತೋರಿಸಿ ಅಂಕಲ್ ಅಂತಾರೆ. ಬ್ರೇಕ್ ಮಾತ್ರ ಇವತ್ತಿನ ಕಾಲದ್ದಲ್ಲ. ಡ್ರಮ್ ಬ್ರೇಕು, ಹೊಸ ಶೂ ಹಾಕಿದರೂ ಡಿಸ್ಕ್ ಬ್ರೇಕಿನ ಗಾಡಿಯ ಹಾಗೆ ನಿಲ್ಲಲ್ಲ. ಮುಂದಿನ ವಾಹನಕ್ಕೆ ಜಾಸ್ತಿ ಅಂತರ ಬಿಟ್ಟೇ ಓಡಿಸಬೇಕು. ಮಳೆಯಲ್ಲಿ ಇನ್ನೂ ಜಾಸ್ತಿ. ಬೆಂಗಳೂರಿನ ಟ್ರಾಫಿಕ್ಕಿಗೆ ಇದನ್ನು ದಿನಾ ತೆಗೆದುಕೊಂಡು ಹೋಗಿ ಅಂತ ನಾನು ಯಾರಿಗೂ ಹೇಳಲ್ಲ.

ಖರ್ಚು ಕೇಳುವವರಿಗೆ: ರಸ್ತೆಗೆ ಇಳಿಯುವ ತನಕ ಒಟ್ಟು 51,000 ಆಯಿತು. ಅದರಲ್ಲಿ 26,500 ಇಂಜಿನ್ನಿಗೇ ಹೋಯಿತು. ಚಕ್ರ, ಟೈರು, ಬ್ರೇಕಿಗೆ 11,000. ಬಣ್ಣಕ್ಕೆ ಬರೀ 3,000, ಅದೂ ನಾನೇ ಹೊಡೆದದ್ದು. ಹತ್ತಿರದಿಂದ ನೋಡಿದರೆ ಟ್ಯಾಂಕಿನ ಕೆಳಗೆ ಬಣ್ಣ ಇಳಿದ ಗುರುತು ಕಾಣುತ್ತದೆ, ಇರಲಿ ಅಂತ ಬಿಟ್ಟಿದ್ದೇನೆ. ಚಿಕ್ಕಪ್ಪ ಗಾಡಿಗೆ ದುಡ್ಡು ತಗೊಳ್ಳಲಿಲ್ಲ. ಮೊದಲ ಸಲ ಓಡಿಸಿಕೊಂಡು ಅವರ ಮನೆ ಮುಂದೆ ನಿಲ್ಲಿಸಿದಾಗ ಸದ್ದು ಕೇಳಿಯೇ ಹೊರಗೆ ಬಂದರು. ಟ್ಯಾಂಕಿನ ಮೇಲೆ ಕೈ ಆಡಿಸಿ, "ಇದೇನೋ, ನಂದೇ ಗಾಡಿ!" ಅಂದರು. ಒಂದು ಸುತ್ತು ಹೋಗಿ ಬಂದು ಕೀ ಕೊಡೋಕೆ ಸ್ವಲ್ಪ ಹೊತ್ತು ತಗೊಂಡರು.

ಈಗ ಕೈಯಲ್ಲಿರುವ ಕೆಲಸ ಹಿಂದಿನ ಶಾಕ್ ಅಬ್ಸಾರ್ಬರಿನ ಬುಷ್ ಬದಲಿಸೋದು, ಹಿಂದಿನ ಚಕ್ರದ ನಾಲ್ಕು ಕಡ್ಡಿ ಬಿಗಿಸೋದು. ಆ ಕಾಲದ ಪೆಟ್ರೋಲ್ ಟ್ಯಾಂಕ್ ಮುಚ್ಚಳ, ಯೆಜ್ಡಿ ಕ್ಲಾಸಿಕ್‌ನದು, ಯಾರ ಹತ್ತಿರವಾದರೂ ಹೆಚ್ಚಿಗೆ ಇದ್ದರೆ ತಿಳಿಸಿ. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಒಳಗಿನ ಸ್ಪ್ರಿಂಗ್ ನೆಟ್ಟಗಿದ್ದರೆ ಸಾಕು.