ಚೂರ್ಣ, ಕ್ಯಾಪ್ಸೂಲ್, ಬ್ರಾಹ್ಮಿ: ಕೊಯ್ಲಿನ ದಣಿವಿಗೆ ನಾನು ತೆಗೆದುಕೊಂಡು ನೋಡಿದ ಮೂರು ಮದ್ದು

ಕೊಡಗಿನ ಸಿದ್ದಾಪುರದ ಸಮೀಪದ ರೊಬಸ್ಟಾ ಕಾಫಿ ತೋಟವೊಂದರಲ್ಲಿ ರೈಟರ್, ಎಂದರೆ ಲೆಕ್ಕ ಬರೆಯುವವ, ಆಗಿರುವ ನನಗೆ ವರ್ಷದ ದಣಿವೆಲ್ಲ ಜನವರಿ ಮತ್ತು ಫೆಬ್ರವರಿಯಲ್ಲೇ ಒಟ್ಟಾಗಿ ಬರುತ್ತದೆ. ಬೆಳಗ್ಗೆ ಹಾಜರಿ, ಸಂಜೆ ಹಣ್ಣಿನ ತೂಕ, ರಾತ್ರಿ ಆಳುಗಳ ಕೂಲಿ ಲೆಕ್ಕದ ಪುಸ್ತಕವಾದ ಚೆಕ್‌ರೋಲ್, ಅದರ ನಡುವೆ ಮೋಡ ಕಂಡರೆ ಕಣದ ಕಾಫಿಗೆ ಟಾರ್ಪಾಲು ಹೊದಿಸುವ ಓಡಾಟ. ಮೂರು ವರ್ಷದ ಹಿಂದಿನ ಕೊಯ್ಲಿನಲ್ಲಿ 74 ಕಿಲೋ ಕೊಯ್ದವಳ ಹೆಸರಿನ ಮುಂದೆ 47 ಎಂದು ಬರೆದು, ಶನಿವಾರದ ಬಟವಾಡೆಯಲ್ಲಿ ಆಕೆ ಬೆರಳು ಮಡಚುತ್ತ ವಾರದ ಲೆಕ್ಕವನ್ನೆಲ್ಲ ಬಾಯಲ್ಲೇ ಒಪ್ಪಿಸಿದಾಗ ನಾನು ತಲೆ ತಗ್ಗಿಸಬೇಕಾಯಿತು. ಒತ್ತಡಕ್ಕೂ ಮನಸ್ಸಿನ ಬಳಲಿಕೆಗೂ ಗಿಡಮೂಲಿಕೆ ಹುಡುಕಲು ಹೊರಟದ್ದು ಆ ವಾರದಲ್ಲಿ.

ಇಂಥ ಮೂಲಿಕೆಗಳನ್ನು ಈಗ ಅಡಾಪ್ಟೋಜೆನ್ ಎಂದು ಕರೆದು ಮಾರುತ್ತಾರೆ. ದೇಹವು ಒತ್ತಡವನ್ನು ತಾಳಿಕೊಳ್ಳಲು ನೆರವಾಗುವ ವಸ್ತು ಎಂಬ ಅರ್ಥದಲ್ಲಿ 1947ರಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಜರೆವ್ ಬಳಕೆಗೆ ತಂದ ಪದವಿದು. ಅಶ್ವಗಂಧವಂತೂ ಅದಕ್ಕಿಂತ ಎಷ್ಟೋ ಹಿಂದಿನಿಂದ ನಮ್ಮ ಪಂಡಿತರ ಡಬ್ಬಿಯಲ್ಲಿತ್ತು. ನಾನು ಬೇರೆ ಬೇರೆ ಕಾಲದಲ್ಲಿ ಅಶ್ವಗಂಧದ ಬೇರಿನ ಚೂರ್ಣ, ಅದರದೇ ಸಾರದ ಕ್ಯಾಪ್ಸೂಲ್ ಮತ್ತು ನೀರು ಬ್ರಾಹ್ಮಿಯ ಮಾತ್ರೆಯನ್ನು ತೆಗೆದುಕೊಂಡು, ಮಲಗಿದ ಹೊತ್ತು, ರಾತ್ರಿ ಎಚ್ಚರವಾದ ಸಲ, ಹಾಗೂ ಚೆಕ್‌ರೋಲ್‌ನ ಒಂದು ಪುಟದಲ್ಲಿ ಎಷ್ಟು ಕಡೆ ಹೊಡೆದು ತಿದ್ದಿದ್ದೇನೆ ಎಂಬುದನ್ನು ಪಾಕೆಟ್ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಒಬ್ಬನೇ ಮನುಷ್ಯನ ಲೆಕ್ಕಕ್ಕೆ ಎಷ್ಟು ಬೆಲೆಯೋ ಅಷ್ಟೇ ಬೆಲೆ ಇದಕ್ಕೂ ಇದೆ.

ಮೊದಲ ಕೊಯ್ಲಿನಲ್ಲಿ ಚೂರ್ಣ. ರಾತ್ರಿ ಊಟವಾದ ಮೇಲೆ ಒಂದು ಚಮಚ, ಎಂದರೆ ಸುಮಾರು ಮೂರು ಗ್ರಾಂ, ಬಿಸಿ ಹಾಲಿಗೆ ಹಾಕಿ ಬೆಲ್ಲ ಬೆರೆಸಿ ಕುಡಿಯುತ್ತಿದ್ದೆ. ಆಯುರ್ವೇದದಲ್ಲಿ ಹೇಳುವ ಪ್ರಮಾಣ ದಿನಕ್ಕೆ ಮೂರರಿಂದ ಆರು ಗ್ರಾಂ. ನಾನು ಕೆಳಗಿನ ಅಂಕಿಯನ್ನೇ ಹಿಡಿದೆ. ಡಬ್ಬಿ ತೆರೆದೊಡನೆ ಬರುವ ವಾಸನೆಗೆ ಅಶ್ವಗಂಧ ಎಂಬ ಹೆಸರು ಏಕೆ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ. ಚೂರ್ಣ ಹಾಲಿನಲ್ಲಿ ಪೂರ್ತಿ ಕರಗುವುದಿಲ್ಲ, ಲೋಟದ ತಳದಲ್ಲಿ ಮಣ್ಣಿನ ಬಣ್ಣದ ಗಸಿ ಉಳಿಯುತ್ತದೆ, ಅದನ್ನು ಬೆರಳಲ್ಲಿ ಬಳಿದು ನುಂಗದಿದ್ದರೆ ಅರ್ಧ ಮದ್ದು ತೊಳೆಯುವ ನೀರಿಗೆ ಹೋದಂತೆಯೇ. ಮೊದಲ ಹತ್ತು ದಿನ ಏನೂ ಗೊತ್ತಾಗಲಿಲ್ಲ. ಮೂರನೆಯ ವಾರದಿಂದ ನಡುರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಮರುದಿನದ ಆಳಿನ ಲೆಕ್ಕ ಹಾಕುವ ಅಭ್ಯಾಸ ಕಡಿಮೆಯಾಯಿತು, ಐದನೆಯ ವಾರದ ಹೊತ್ತಿಗೆ ಪುಟಕ್ಕೆ ಆರೇಳು ಇದ್ದ ತಿದ್ದುಪಡಿ ಎರಡು ಮೂರಕ್ಕೆ ಇಳಿಯಿತು. ಅದೇ ದಿನಗಳಲ್ಲಿ ಸಂಜೆ ಏಳರ ಕಾಫಿಯನ್ನೂ ಬಿಟ್ಟಿದ್ದೆನಾದ್ದರಿಂದ ಯಶಸ್ಸನ್ನೆಲ್ಲ ಬೇರಿಗೇ ಕೊಡಲಾರೆ.

ಮರುವರ್ಷ ಕ್ಯಾಪ್ಸೂಲಿಗೆ ಹೋದದ್ದಕ್ಕೆ ಅದರ ಅಂಕಿ ಅಂಶವೇ ಕಾರಣ. 2012ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ 64 ಜನರ ಪೈಕಿ ಅರ್ಧದಷ್ಟು ಮಂದಿಗೆ 60 ದಿನ, ದಿನಕ್ಕೆರಡು ಸಲ 300 ಮಿಲಿಗ್ರಾಂ ಬೇರಿನ ಸಾರ ಕೊಟ್ಟಾಗ, ಮದ್ದಿಲ್ಲದ ಖಾಲಿ ಕ್ಯಾಪ್ಸೂಲ್ ಪಡೆದವರಿಗಿಂತ ಅವರಲ್ಲಿ ಒತ್ತಡದ ಅಂಕವೂ ರಕ್ತದಲ್ಲಿನ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮಟ್ಟವೂ ಹೆಚ್ಚು ಇಳಿದಿದ್ದವು. ನಾನು ಕೊಂಡ ಡಬ್ಬಿಯ ಮೇಲೆ ಶೇಕಡ 5ರಷ್ಟು ವಿಥನೊಲೈಡ್ (ಅಶ್ವಗಂಧದ ಮುಖ್ಯ ಸಕ್ರಿಯ ಅಂಶ) ಎಂದಿತ್ತು. ಹಾಗಾದರೆ 300 ಮಿಲಿಗ್ರಾಮಿನ ಒಂದು ಕ್ಯಾಪ್ಸೂಲಿನಲ್ಲಿ ಅದು 15 ಮಿಲಿಗ್ರಾಂ. ಬೇರಿನ ಪುಡಿಯಲ್ಲಿ ಈ ಅಂಶ ಸಾಮಾನ್ಯವಾಗಿ ಶೇಕಡ ಒಂದಕ್ಕಿಂತ ಕಡಿಮೆ ಇರುತ್ತದೆ, ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಲೆಕ್ಕ ಬರೆಯುವವನಿಗೆ ಇಂಥ ಖಚಿತತೆ ಬೇಗ ರುಚಿಸುತ್ತದೆ.

ಕ್ಯಾಪ್ಸೂಲಿನ ಕೆಲಸ ನಿಜಕ್ಕೂ ಬೇಗ ಆರಂಭವಾಯಿತು. ಹತ್ತನೆಯ ದಿನಕ್ಕೇ ನಿದ್ದೆ ಗಟ್ಟಿಯಾಯಿತು. ಖಾಲಿ ಹೊಟ್ಟೆಯಲ್ಲಿ ನುಂಗಿದ ಎರಡು ಬೆಳಗ್ಗೆ ಹೊಟ್ಟೆ ತೊಳಸಿತು, ತಿಂಡಿಯ ನಂತರ ತೆಗೆದುಕೊಂಡ ಮೇಲೆ ಅದು ನಿಂತಿತು. ನನ್ನನ್ನು ಚಿಂತೆಗೆ ಹಚ್ಚಿದ್ದು ಬೇರೆಯದು. ಆರನೆಯ ವಾರ ಒಂದು ಮುಂಜಾವು ವಾಚ್‌ಮನ್ ಏದುಸಿರು ಬಿಡುತ್ತ ಬಂದು, ಆನೆ ಕೆರೆಯ ಬಳಿ ಸ್ಪ್ರಿಂಕ್ಲರ್ ಪೈಪುಗಳನ್ನು ತುಳಿದು ಹಾಕಿದೆ ಎಂದಾಗ ನಾನು “ಹೌದಾ” ಎಂದು ಹೇಳಿ ತಟ್ಟೆಯಲ್ಲಿದ್ದ ಅಕ್ಕಿ ತರಿಯ ಉಂಡೆ ಕಡಂಬುಟ್ಟನ್ನು ಮುರಿಯುತ್ತ ಕುಳಿತೇ ಇದ್ದೆನಂತೆ. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಆ ಪೈಪುಗಳೇ ತೋಟಕ್ಕೆ ಗತಿ. “ನಿಮಗೆ ಏನಾಗಿದೆ?” ಎಂದು ಮನೆಯವಳು ಕೇಳಿದಳು. ಗಾಬರಿ ಹೋದದ್ದು ಸರಿ, ಅದರ ಜೊತೆಗೆ ಕೆಲಸದ ಕಾಳಜಿಯೂ ಹೋದರೆ ರೈಟರ್ ಇದ್ದೇನು ಫಲ? ಡಬ್ಬಿಯಲ್ಲಿ ಇನ್ನೂ ಹದಿನೈದು ಉಳಿದಿರುವಾಗಲೇ ನಿಲ್ಲಿಸಿದೆ. ವಾರ ಕಳೆಯುವುದರೊಳಗೆ ಮೊದಲಿನ ಸಿಡುಕುತನ ಮರಳಿತು, ಮನೆಯಲ್ಲಿ ಅದಕ್ಕೆ ಸಮಾಧಾನವೇ ಆಯಿತು.

ಬ್ರಾಹ್ಮಿಯ ವಿಷಯ ಬೇಗ ಮುಗಿಯುತ್ತದೆ. ನಮ್ಮ ಕಡೆ ಬ್ರಾಹ್ಮಿ ಎಂದು ಕೇಳಿದರೆ ಹೆಚ್ಚಿನವರು ಗದ್ದೆ ಬದುವಿನ ದುಂಡನೆಯ ಎಲೆಯ ಒಂದೆಲಗವನ್ನು ತೋರಿಸುತ್ತಾರೆ. ಮಾತ್ರೆಯಲ್ಲಿರುವುದು ಸಣ್ಣ ದಪ್ಪ ಎಲೆಯ ನೀರು ಬ್ರಾಹ್ಮಿ, ಗಿಡವೇ ಬೇರೆ. ಅದರ ಅಧ್ಯಯನಗಳು ಹೆಚ್ಚಾಗಿ 12 ವಾರದವು ಮತ್ತು ನೆನಪಿನ ಶಕ್ತಿಗೆ ಸಂಬಂಧಿಸಿದವು ಎಂದು ಓದಿದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ತೆಗೆದುಕೊಂಡೆ. ಮಳೆಗಾಲದಲ್ಲಿ ನನಗೆ ಒತ್ತಡವೇ ಕಡಿಮೆಯಾದ್ದರಿಂದ ಈ ಹೋಲಿಕೆ ಸಮನಾದದ್ದಲ್ಲ, ಒಪ್ಪುತ್ತೇನೆ. ಹೊಟ್ಟೆ ಸಡಿಲವಾದದ್ದು ಮೊದಲು ಗೊತ್ತಾಯಿತು. ಆಳುಗಳ ಹೆಸರು ನಾಲಿಗೆಗೆ ಸ್ವಲ್ಪ ಬೇಗ ಬರುತ್ತಿದೆಯೇನೋ ಎನ್ನಿಸಿದ್ದು ಕೊನೆಯ ವಾರಗಳಲ್ಲಿ, ಅದೂ ಅನುಮಾನದೊಂದಿಗೆ. ಅದರ ನಡುವೆ ಆಗಸ್ಟ್ 3ರ ಕಕ್ಕಡ ಹದಿನೆಂಟು (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದು ಸೊಪ್ಪು ಉಣ್ಣುವ ಹಬ್ಬ) ಬಂದು, ಮದ್ದು ಸೊಪ್ಪಿನ ನೇರಳೆ ಪಾಯಸ ಉಂಡು, ಮರುದಿನ ಮೂತ್ರ ಕೆಂಪಾದಾಗ, ಅಷ್ಟು ಎದ್ದು ಕಾಣುವ ಗುರುತನ್ನು ಎರಡು ತಿಂಗಳ ಮಾತ್ರೆ ಒಮ್ಮೆಯೂ ಕೊಡಲಿಲ್ಲವಲ್ಲ ಎಂದು ನಗು ಬಂತು.

ನನ್ನ ಆಯ್ಕೆ ಚೂರ್ಣ. ನನ್ನ ಬಳಲಿಕೆಯ ಮೂಲ ನಿದ್ದೆಗೇಡು, ಅದಕ್ಕೆ ರಾತ್ರಿಯ ಆ ಒಂದು ಚಮಚ ಸಾಕಾಯಿತು. ನಿದ್ದೆ ಸರಿಯಿದ್ದೂ ಎದೆ ಡವಗುಟ್ಟುವವರಿಗೆ ಕ್ಯಾಪ್ಸೂಲಿನ ಬಲವೇ ಹಿಡಿಸಬಹುದು. ಆದರೆ ಎರಡೂ ಒಂದೇ ಬೇರು, ಅಪಾಯವೂ ಒಂದೇ: ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ನಿದ್ದೆ ಮಾತ್ರೆಯ ಅಮಲನ್ನು ಹೆಚ್ಚಿಸಬಲ್ಲದು, ಸಕ್ಕರೆ ಮತ್ತು ರಕ್ತದೊತ್ತಡದ ಔಷಧಗಳ ಪರಿಣಾಮವನ್ನು ಹೆಚ್ಚು ಕಡಿಮೆ ಮಾಡಬಲ್ಲದು, ಗರ್ಭಿಣಿಯರಿಗೆ ಸಲ್ಲದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದು ಕಾಮಾಲೆಯಾದ ವರದಿಗಳೂ ಇವೆ, ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿಯೇ ಬಿಟ್ಟಿತು. ಥೈರಾಯ್ಡ್ ಮಾತ್ರೆ ನುಂಗುವ ನನ್ನ ಅತ್ತಿಗೆ ಎರಡು ಚಮಚ ಚೂರ್ಣ ಕಟ್ಟಿಕೊಡಿ ಎಂದು ಕೇಳಿದಾಗ, ಮೊದಲು ಡಾಕ್ಟರನ್ನು ಕೇಳಿ ಬನ್ನಿ ಎಂದೆ; ಅವರು ಬೇಡವೆಂದರು, ಅತ್ತಿಗೆಗೆ ಈಗಲೂ ನನ್ನ ಮೇಲೆ ಮುನಿಸಿದೆ. ನಾನೂ ಎಂಟು ವಾರ ದಾಟಿಸುವುದಿಲ್ಲ: ಜನವರಿ ಮೊದಲ ವಾರ ಡಬ್ಬಿ ತೆರೆಯುತ್ತೇನೆ, ಫೆಬ್ರವರಿ ಕೊನೆಗೆ ಮುಚ್ಚುತ್ತೇನೆ. ಒಂದೆಲಗ ಮಾತ್ರ ಬದುವಿನಿಂದ ನೇರ ತಂಬುಳಿಗೆ ಬರುತ್ತದೆ, ಅದನ್ನು ಡೈರಿಯಲ್ಲಿ ಬರೆಯುವುದಿಲ್ಲ.